ನೆಲದಿಂದ ಬಂದ ರಾಹು

ದೂರದರ್ಶಕ ಹಾದಿ ತಪ್ಪಿದರೆ ಮೊದಲು ಬೈಗುಳ ತಿನ್ನುವುದು ತಂತಿ. ಆಮೇಲೆ ತಂತಿಯ ತುದಿಯ ಪಿನ್ನು. ಆಮೇಲೆ ಸಾಫ್ಟ್‌ವೇರ್ ಬರೆದವರು. ಇನ್ನಾರೂ ಸಿಗದಿದ್ದರೆ ಎದುರಿಗೆ ಕೂತ ಸಹೋದ್ಯೋಗಿ. ಆ ವರ್ಷ ಯುಗಾದಿಯ ಹೊತ್ತಿಗೆ ನಾನು ಮತ್ತು ನಮ್ಮ ಟೆಕ್ನಿಷಿಯನ್ ಬಷೀರ್ ಈ ನಾಲ್ಕನ್ನೂ ಮುಗಿಸಿ, ಬೈಯಲು ಇನ್ನೇನೂ ಉಳಿಯದೆ, ಎದುರು ಬದುರು ಕೂತು ಸುಮ್ಮನೆ ಚಹಾ ಕುಡಿಯುತ್ತಿದ್ದೆವು.

"ಇನ್ನು ಉಳಿದಿರೋದು ಒಂದೇ ಮೇಡಂ," ಎಂದರು ಬಷೀರ್. "ನಿಂಬೆಹಣ್ಣು ಕಟ್ಟೋದು."

ದೊಣೆಕಲ್ಲು ಬೆಟ್ಟದ ಮೇಲಿರುವ ನಮ್ಮ ದೂರದರ್ಶಕ ನಕ್ಷತ್ರ ನೋಡುವುದಕ್ಕಲ್ಲ. ಅದರ ಕೊಳವೆಯಿಂದ ಒಂದು ಲೇಸರ್ ಕಿರಣ ಚಂದ್ರನಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದು ಬರುತ್ತದೆ. ಚಂದ್ರನ ಮೇಲಿನ ನಮ್ಮ ಠಾಣೆಯ ಮಾತು, ಚಿತ್ರ, ಲೆಕ್ಕಾಚಾರ ಎಲ್ಲ ಆ ಕಿರಣದ ಮೇಲೆಯೇ ಓಡಾಡುವುದು. ಚಂದ್ರ ಹಗಲಲ್ಲಿ ಹುಟ್ಟಿದರೆ ನಮಗೆ ಹಗಲು ಪಾಳಿ. ಕೊಳವೆಯನ್ನು ಹೊತ್ತು ಚಂದ್ರನ ಹಿಂದೆ ತಿರುಗುವ ಕಬ್ಬಿಣದ ಪೀಠವನ್ನು ಕಂಪ್ಯೂಟರ್ ನಡೆಸುತ್ತದೆ. ತಾನು ಎಷ್ಟು ತಿರುಗಿದೆ ಎಂಬುದನ್ನು ಪೀಠ ಕೂದಲೆಳೆಗಿಂತ ಸಣ್ಣ ಅಳತೆಯಲ್ಲಿ ಎಣಿಸುತ್ತಲೇ ಇರಬೇಕು. ಎಣಿಕೆ ತಪ್ಪಿತೋ, ಕಿರಣ ಚಂದ್ರನ ಮೇಲೆ ಎಲ್ಲೋ ಬಂಡೆಗೆ ಬೀಳುತ್ತದೆ. ಮತ್ತೆ ಹುಡುಕಿ ಠಾಣೆಗೆ ಗುರಿ ಹಿಡಿಯಲು ಹನ್ನೊಂದು ನಿಮಿಷ ಬೇಕು.

ಕೆಲವು ವಾರಗಳಿಂದ ಅದು ತಪ್ಪುತ್ತಿತ್ತು. ಹೆಚ್ಚುಕಡಿಮೆ ದಿನಕ್ಕೊಂದು ಸಲ, ಒಂದೊಂದು ದಿನ ಒಂದೊಂದು ಹೊತ್ತಿಗೆ. ನೆಟ್ಟಗೆ ನಡೆಯುತ್ತಿದ್ದ ಪೀಠ ಒಂದೇ ಒಂದು ಸಲ ತೂಕಡಿಸಿದ ಹಾಗೆ ಜಗ್ಗಿ ಬೇರೆಲ್ಲೋ ನೋಡುತ್ತಾ ನಿಲ್ಲುತ್ತಿತ್ತು. "ರಾಹು ನುಂಗಿದ" ಎಂದು ಕಂಟ್ರೋಲ್ ರೂಮಿನಲ್ಲಿ ತಮಾಷೆ ಹುಟ್ಟಿತು. ಮೊದಲ ವಾರ ನಾನೂ ನಕ್ಕೆ.

ಆಮೇಲೆ ನಗು ಬರಲಿಲ್ಲ. ಚಂದ್ರನ ಮೇಲಿದ್ದ ಇಬ್ಬರಲ್ಲಿ ಒಬ್ಬಳು ನನ್ನ ನಾದಿನಿ ವಾರಿಜ. ಕಲ್ಲು ಮಣ್ಣು ಓದುವವಳು. ಅವರ ಠಾಣೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರ ಕೈಕೊಟ್ಟಿತ್ತು. ಉಳಿದ ಗಾಳಿ ಶುಕ್ರವಾರದವರೆಗೆ ಸಾಲುತ್ತಿತ್ತು, ಅದರಾಚೆಗಿಲ್ಲ. ಗುರುವಾರ ಮಧ್ಯಾಹ್ನ ಮೂರೂವರೆಗೆ ಅವರು ಸಣ್ಣ ನೌಕೆ ಹತ್ತಿ ಮೇಲೇರಿ, ಚಂದ್ರನನ್ನು ಸುತ್ತುತ್ತಿರುವ ತಾಯಿನೌಕೆ ಸೇರಬೇಕು. ಮೇಲೇರಲು ಎಂಟು ನಿಮಿಷ. ಆ ಸಣ್ಣ ನೌಕೆಯ ದಾರಿ ನೋಡುವ ಕಣ್ಣುಗಳಿಗೆ ಚಂದ್ರನ ದೂಳು ಮೆತ್ತಿ ಕುರುಡಾಗಿತ್ತು. ಹಾಗಾಗಿ ಆ ಎಂಟು ನಿಮಿಷ ಅದಕ್ಕೆ ಬಲ, ಎಡ ಎಂದು ಹೇಳಬೇಕಾದದ್ದು ನಮ್ಮ ಬೆಟ್ಟದ ಕಿರಣ. ಆ ಹೊತ್ತಿಗೆ ಚಂದ್ರ ಕಾಣುವ ಇನ್ನೊಂದು ನೆಲೆಯ ಮೇಲೆ ಮೋಡ ಕವಿದಿತ್ತು.

ಎಂಟು ನಿಮಿಷದ ಪ್ರಯಾಣ, ಹನ್ನೊಂದು ನಿಮಿಷದ ಹುಡುಕಾಟ. ಲೆಕ್ಕ ಯಾರಿಗಾದರೂ ತಿಳಿಯುತ್ತದೆ.

ನಾವೇನೂ ಕೈಕಟ್ಟಿ ಕೂತಿರಲಿಲ್ಲ. ಪಿನ್ನುಗಳನ್ನು ಉಜ್ಜಿದೆವು. ಎಣಿಸುವ ಭಾಗವಾದ ಎನ್‌ಕೋಡರನ್ನೇ ಬದಲಾಯಿಸಿದೆವು. ಮೋಟಾರಿನ ಕಾರ್ಡು ಬಿಚ್ಚಿ ಹೊಸದು ಹಾಕಿದೆವು. ಬಿಸಿಲಿಗೆ ಕಾಯುತ್ತದೇನೋ ಎಂದು ಪೀಠಕ್ಕೆ ಒದ್ದೆ ಗೋಣಿತಾಟು ಹೊದಿಸಿದೆವು. ವೋಲ್ಟೇಜ್ ಕುಸಿಯುತ್ತದೇನೋ ಎಂದು ಊರಿನ ಕರೆಂಟನ್ನು ಪೂರ್ತಿ ಕಿತ್ತು ಎಲ್ಲವನ್ನೂ ಬ್ಯಾಟರಿಯ ಮೇಲೆ ಓಡಿಸಿದೆವು. ಅವತ್ತೂ ತಪ್ಪಿತು. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು. ಊರಿನ ಕರೆಂಟಿನ ಸಂಬಂಧವೇ ಇಲ್ಲದ ಯಂತ್ರಕ್ಕೆ ಹೊರಗಿನಿಂದ ಯಾರು ಬಂದು ಮುಟ್ಟುತ್ತಾರೆ?

ಭಾನುವಾರ ನಾನು ಬೇಗ ಮನೆಗೆ ಬಂದಿದ್ದೆ. ಬೆಟ್ಟದ ಬುಡದಲ್ಲೇ ಬಿದರಕೋಟೆ, ಅಲ್ಲಿ ನಮ್ಮ ಮನೆ. ನನ್ನ ಯಜಮಾನರು ಹಡಗಿನ ಇಂಜಿನಿಯರ್, ವರ್ಷದಲ್ಲಿ ಆರು ತಿಂಗಳು ನೀರಿನ ಮೇಲೆ. ಅವರ ತಂಗಿ ಚಂದ್ರನ ಮೇಲೆ. ನೆಲದ ಮೇಲೆ ಉಳಿದವರು ನಾನು ಮತ್ತು ನನ್ನ ಅತ್ತೆ ಸರ್ವಮಂಗಳಮ್ಮ. ಯುಗಾದಿಯ ಮರುದಿನ ಊರೆಲ್ಲ ಚಂದ್ರನಿಗೆ ಕೈಮುಗಿದರೆ ನಮ್ಮತ್ತೆ ಅಂಗಳದಲ್ಲಿ ನಿಂತು ಆ ಎಳೆ ಚಂದ್ರನನ್ನು, "ಊಟ ಆಯ್ತೇನೇ?" ಎಂದು ಕೇಳಿದ್ದರು.

ಈಗ ಅವರು ದೋಸೆಗೆ ನೆನೆಸಿದ ಅಕ್ಕಿ ಉದ್ದನ್ನು ಗ್ರೈಂಡರಿಗೆ ಹಾಕಿ, ಗುಂಡಿ ಒತ್ತಿ, ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತಿದ್ದರು. ಗ್ರೈಂಡರ್ ತಿರುಗುತ್ತಿರಲಿಲ್ಲ.

"ಕೆಟ್ಟೋಯ್ತಾ ಅತ್ತೆ?"

"ಇಲ್ವೇ. ರಾಹುಕಾಲ. ಪೆಟ್ಟಿಗೆ ಹಿಡ್ಕೊಂಡಿದೆ."

ಹೊತ್ತಿನ ಪೆಟ್ಟಿಗೆ ಈಗ ಮನೆಮನೆಯಲ್ಲೂ ಇದೆ. ಬಿಸಿಲು ಚೆನ್ನಾಗಿದ್ದು ಸೋಲಾರ್ ಕರೆಂಟ್ ಅಗ್ಗವಿದ್ದಾಗ ಪಂಪು, ಗ್ರೈಂಡರು, ವಾಷಿಂಗ್ ಮೆಷಿನ್ನುಗಳನ್ನು ತಾನೇ ನೋಡಿಕೊಂಡು ಓಡಿಸುವುದು ಅದರ ಕೆಲಸ. ಕಂಪನಿಯವರಲ್ಲಿ ಯಾರೋ ಬುದ್ಧಿವಂತರು ಅದಕ್ಕೊಂದು ರಾಹುಕಾಲದ ಗುಂಡಿಯನ್ನೂ ಇಟ್ಟಿದ್ದರು. ಅದು ಹಾಕಿದ್ದರೆ ರಾಹುಕಾಲದಲ್ಲಿ ಕಿತ್ತಳೆ ದೀಪ ಉರಿಯುತ್ತದೆ, ಯಾವ ಯಂತ್ರವೂ ಹೊಸದಾಗಿ ಶುರುವಾಗುವುದಿಲ್ಲ. ಹೊಸ ಪೆಟ್ಟಿಗೆ ಬರುವಾಗಲೇ ಅದು ಹಾಕಿಕೊಂಡೇ ಬರುತ್ತದೆ.

ಸೂರ್ಯ ಮುಳುಗಿದ. ಭಾನುವಾರದ ರಾಹುಕಾಲ ಮುಗಿಯುವುದು ಸೂರ್ಯಾಸ್ತಕ್ಕೆ. ಪೆಟ್ಟಿಗೆ ಟಕ್ ಎಂದಿತು, ಕಿತ್ತಳೆ ದೀಪ ಆರಿತು, ಗ್ರೈಂಡರ್ ಗುರ್ ಎಂದು ಎದ್ದಿತು. ಅದೇ ಕ್ಷಣ ಪಕ್ಕದ ಮನೆಯ ಪಂಪು, ಎದುರುಮನೆಯ ವಾಷಿಂಗ್ ಮೆಷಿನ್ನು, ಹಿಂದಿನ ಬೀದಿಯ ಹಿಟ್ಟಿನ ಗಿರಣಿ. ಇಡೀ ಊರು ಒಟ್ಟಿಗೆ ಸೀನಿದ ಹಾಗಿತ್ತು.

ನನ್ನ ಫೋನ್ ಹೊಡೆದುಕೊಂಡಿತು.

"ಮೇಡಂ, ಹೋಯ್ತು," ಎಂದರು ಬಷೀರ್. "ಈಗ, ಈ ಸೆಕೆಂಡು."

ನಾನು ಗ್ರೈಂಡರನ್ನೇ ನೋಡುತ್ತಾ ನಿಂತೆ.

ಹಿಂದಿನ ಕಾಲದಲ್ಲೂ ಜನ ರಾಹುಕಾಲ ನೋಡುತ್ತಿದ್ದರು. ಆದರೆ ಒಬ್ಬೊಬ್ಬರ ಗಡಿಯಾರ ಒಂದೊಂದು ಹೇಳುತ್ತಿತ್ತು. ಒಬ್ಬರು ಕಾಫಿ ಮುಗಿಸಿ ಏಳುವರು, ಒಬ್ಬರು ಎರಡು ನಿಮಿಷ ಮುಂಚೆಯೇ "ಆಯ್ತು ಬಿಡು" ಎನ್ನುವರು. ಆ ಸೋಮಾರಿತನವೇ ನಮ್ಮನ್ನು ಕಾಯುತ್ತಿತ್ತು ಎಂದು ಯಾರಿಗೆ ಗೊತ್ತಿತ್ತು? ಪೆಟ್ಟಿಗೆಗೆ ಸೋಮಾರಿತನವಿಲ್ಲ. ಅದು ಊರಿನ ಸೂರ್ಯೋದಯ, ಸೂರ್ಯಾಸ್ತ ಹಿಡಿದು ಹಗಲನ್ನು ಎಂಟು ಪಾಲು ಮಾಡಿ ಸೆಕೆಂಡಿನ ಲೆಕ್ಕದಲ್ಲಿ ರಾಹುಕಾಲ ಮುಗಿಸುತ್ತದೆ. ಗೋಡೆಯ ಕ್ಯಾಲೆಂಡರಿನ ಹೊತ್ತಿಗೂ ಅದಕ್ಕೂ ಅರ್ಧ ಗಂಟೆಯವರೆಗೂ ವ್ಯತ್ಯಾಸ ಬರುವುದುಂಟು. ಕ್ಯಾಲೆಂಡರ್ ಕಣ್ಣೆದುರೇ ತೂಗುತ್ತಿದ್ದರೂ ನಮಗೆ ಹೊಳೆಯದಿದ್ದದ್ದು ಅದಕ್ಕೇ. ದಿನಕ್ಕೊಂದು ಹೊತ್ತಿಗೆ ಬರುವ ತೊಂದರೆ, ದಿನಕ್ಕೊಂದು ಹೊತ್ತಿಗೆ ಬರುವ ರಾಹುಕಾಲ.

ಸೋಮವಾರ ಬೆಳಿಗ್ಗೆ ಬಷೀರ್ ಬೆಟ್ಟದ ಅರ್ಥಿಂಗ್ ಗುಂಡಿಗೆ ಮೀಟರ್ ಹಚ್ಚಿ ಕೂತರು. ರಾಹುಕಾಲ ಮುಗಿದ ಕ್ಷಣ ಮುಳ್ಳು ಟಣ್ಣನೆ ಹಾರಿತು.

"ತಂತಿಯಲ್ಲಿ ಬರ್ತಿಲ್ಲ ಮೇಡಂ ಇದು. ನೆಲದಲ್ಲಿ ಬರ್ತಿದೆ."

ಸಾವಿರಾರು ಮೋಟಾರು ಒಟ್ಟಿಗೆ ಎದ್ದಾಗ ವಾಪಸು ಹರಿಯುವ ಕರೆಂಟಿನಲ್ಲಿ ಒಂದಿಷ್ಟು ತಂತಿ ಬಿಟ್ಟು ನೆಲ ಹಿಡಿಯುತ್ತದೆ. ನಮ್ಮ ಬೆಟ್ಟ ಬರೀ ಬಂಡೆ, ಬೇಸಿಗೆ ಬೇರೆ. ಪೀಠದ ಬುಡದ ನೆಲಕ್ಕೂ ಕಂಟ್ರೋಲ್ ರೂಮಿನ ನೆಲಕ್ಕೂ ಒಂದು ಕ್ಷಣ ಏರುಪೇರು. ಎರಡನ್ನೂ ಜೋಡಿಸಿದ ಎಣಿಕೆಯ ತಂತಿಯೊಳಗೆ ಆ ಏರುಪೇರು ನುಗ್ಗುತ್ತದೆ. ಪೀಠ ತಾನು ತಿರುಗದೆಯೇ ತಿರುಗಿದೆ ಎಂದುಕೊಳ್ಳುತ್ತದೆ. ಬ್ಯಾಟರಿ ಹಾಕಿದರೂ ತಪ್ಪದಿದ್ದದ್ದು ಇದರಿಂದ. ಕರೆಂಟು ಕೀಳಬಹುದು, ನೆಲ ಕೀಳಲಾಗುತ್ತದೆಯೇ?

ಮದ್ದು ಇತ್ತು. ತಾಮ್ರದ ತಂತಿಯ ಬದಲು ಗಾಜಿನೆಳೆಯ ಕೇಬಲ್ ಹಾಕಿದರೆ ಮುಗಿಯಿತು, ಗಾಜಿನಲ್ಲಿ ಕರೆಂಟ್ ಹರಿಯದು. ಆದರೆ ನಮ್ಮ ಪೀಠಕ್ಕೆ ಹೊಂದುವ ಕೇಬಲ್ ಬರಲು ಹತ್ತು ದಿನ ಎಂದರು. ತಂತಿಯ ಅರ್ಥಿಂಗನ್ನು ಒಂದು ತುದಿಯಲ್ಲಿ ಬಿಚ್ಚಿ ನೋಡಿದೆವು. ಮೋಟಾರಿನ ಗದ್ದಲವೆಲ್ಲ ಒಳಗೆ ಬಂದು ಪೀಠ ಚಳಿಜ್ವರ ಬಂದಂತೆ ನಡುಗಿತು. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ಟ್ಯಾಂಕರಿನಲ್ಲಿ ನೀರು ಹೊಯ್ದೆವು. ಮುಳ್ಳಿನ ಹಾರಾಟ ಅರ್ಧಕ್ಕಿಳಿಯಿತು. ಅರ್ಧವೂ ಹೆಚ್ಚೇ.

ಈ ಯಾನ ನಡೆಸುವ ಕೇಂದ್ರಕ್ಕೆ ಫೋನ್ ಮಾಡಿ ನಿರ್ದೇಶಕರಿಗೆ ಎಲ್ಲ ಹೇಳಿದೆ.

"ಗುರುವಾರದ ರಾಹುಕಾಲ ಮುಗಿಯೋದು ಮೂರೂವರೆಗೆ ಎರಡು ನಿಮಿಷ ಇರೋವಾಗ ಸರ್. ಸರಿಯಾಗಿ ಏರೋ ಹೊತ್ತಿಗೆ ನಾವು ಕುರುಡಾಗ್ತೀವಿ. ಸ್ವಲ್ಪ ಮುಂಚೆ ಹೊರಡಿಸೋಕಾಗಲ್ವಾ?"

ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು.

"ಮೊದಲು ಎರಡೂ ಮುಕ್ಕಾಲಿಗೇ ಇತ್ತಮ್ಮ," ಎಂದರು ದನಿ ತಗ್ಗಿಸಿ. "ತಾಯಿನೌಕೆ ಕಕ್ಷೆ ಸ್ವಲ್ಪ ಹಿಗ್ಗಿಸಿ ಮೂರೂವರೆಗೆ ಮಾಡಿದ್ವಿ. ಈಗ ವಾಪಸ್ ತರೋಕೆ ಇಂಧನ ಇಲ್ಲ."

"ಯಾಕ್ ಸರ್ ಹಿಗ್ಗಿಸಿದ್ರಿ?"

"ಬೆಳಕಿನ ಅನುಕೂಲಕ್ಕೆ ಅಂತ ಫೈಲಲ್ಲಿದೆ."

ಫೈಲಿನಲ್ಲಿ ಏನಿದ್ದರೇನು, ಇಬ್ಬರಿಗೂ ಅರ್ಥವಾಗಿತ್ತು. ರಾಹುಕಾಲ ತಪ್ಪಿಸಲು ಹೋಗಿ, ರಾಹುಕಾಲ ತಪ್ಪಿಸುವ ಇಡೀ ತಾಲೂಕಿನ ಬಾಯಿಗೆ ನೇರವಾಗಿ ಬಿದ್ದಿದ್ದೆವು. ನನಗೆ ಅಳುವಷ್ಟು ಸಿಟ್ಟು ಬಂತು.

ಕರೆಂಟ್ ತೆಗೆಯಿರಿ ಎಂದು ಸಬ್‌ಸ್ಟೇಷನ್ನಿಗೆ ಹೋದರೆ, ಆಸ್ಪತ್ರೆಯೂ ಅದೇ ಲೈನು, ಮೇಲಿನ ಆದೇಶ ಬೇಕು, ಬರಲು ವಾರವಾಗುತ್ತದೆ ಎಂದರು. ಉಳಿದದ್ದು ಜನ. ಮಂಗಳವಾರ ಪ್ರಯೋಗ ಮಾಡಿ ನೋಡೋಣವೆಂದು ಆಟೋಗೆ ಮೈಕು ಕಟ್ಟಿ ಸಾರಿಸಿದೆವು. ಸಂಜೆ ಐದರಿಂದ ಅರ್ಧ ಗಂಟೆ ದಯವಿಟ್ಟು ಎಲ್ಲರೂ ಪೆಟ್ಟಿಗೆ ಆರಿಸಿ. ಆಟೋ ಹಳೇಪೇಟೆ ತಲುಪುವಷ್ಟರಲ್ಲಿ ಸುದ್ದಿಗೆ ರೆಕ್ಕೆಪುಕ್ಕ ಬಂದಿತ್ತು. ಐದೂವರೆ ಮೇಲೆ ರಾತ್ರಿಯೆಲ್ಲ ಕರೆಂಟ್ ಇರಲ್ಲವಂತೆ! ರಾಹುಕಾಲ ಮುಗಿದದ್ದೇ ತಡ, ಜನ ಪೆಟ್ಟಿಗೆಯನ್ನೂ ನಂಬದೆ ಮನೆಯಲ್ಲಿದ್ದ ಮೋಟಾರನ್ನೆಲ್ಲ ಕೈಯಾರೆ ಹಾಕಿದರು. ಮೀಟರಿನ ಮುಳ್ಳು ಹಿಂದೆಂದೂ ಹಾರದಷ್ಟು ಹಾರಿತು.

"ನಮ್ಮ ಮೊಹಲ್ಲಾದಲ್ಲಿ ರಾಹುಕಾಲ ನೋಡೋರೇ ಇಲ್ಲ ಮೇಡಂ," ಎಂದರು ಬಷೀರ್ ಬೇಜಾರಿನಲ್ಲಿ. "ಆದ್ರೆ ಗುಂಡಿ ಹಾಕ್ಕೊಂಡೇ ಬಂದಿದೆಯಲ್ಲ, ಯಾರೂ ತೆಗೆದಿಲ್ಲ. ನಮ್ಮನೆ ವಾಷಿಂಗ್ ಮೆಷಿನ್ನೂ ಮಡಿಯಲ್ಲೇ ಇದೆ."

ಮನೆಗೆ ಬಂದೆ. ಅಡಿಗೆಮನೆಯ ಪೆಟ್ಟಿಗೆಯಲ್ಲಿ ರಾಹುಕಾಲದ ಗುಂಡಿ ಹಾಕಿದ ಹಾಗೇ ಇತ್ತು.

"ಅತ್ತೆ, ನೀವೂ ಆರಿಸಿಲ್ವಾ?"

"ಇಲ್ಲ."

"ಬೆಳಿಗ್ಗೆ ಅಷ್ಟು ಹೇಳಿ ಹೋದ್ನಲ್ಲ! ಗುರುವಾರವಾದ್ರೂ ಆ ಗುಂಡಿ ತೆಗೀರಿ. ಎರಡು ಗಂಟೆಗೋ ಎರಡೂವರೆಗೋ ಗ್ರೈಂಡರ್ ಹಾಕಿ, ಮುಗಿಸಿ. ನೀವು ಮಾಡಿದ್ರೆ ಬೀದಿಯೋರೂ ಮಾಡ್ತಾರೆ."

"ರಾಹುಕಾಲ್ದಲ್ಲಿ ಶುರು ಮಾಡ್ಲಾ? ನನ್ ಮಗಳು ಹೊರಡೋ ದಿನ?"

"ಅವಳು ಬರಬೇಕು ಅಂತಾನೇ ಹೇಳ್ತಿರೋದು!"

"ನೀನು ನಿನ್ ಯಂತ್ರ ನೋಡ್ಕೋ ನಳಿನಾ. ಅದು ನಂಗೆ ತಿಳಿಯಲ್ಲ. ಆದ್ರೆ ನಾನು ಕೈಯಾರೆ ಕೆಟ್ಟ ಹೊತ್ತಲ್ಲಿ ಒಂದು ಕೆಲ್ಸ ಶುರು ಮಾಡಿ, ಆಮೇಲೆ ಅವಳಿಗೇನಾದ್ರೂ ಆದ್ರೆ, ನಾನು ಬದುಕಿರ್ಬೇಕಲ್ಲ?"

ನಾನು ದನಿ ಏರಿಸಿದೆ. "ಆ ಗ್ರೈಂಡರಿಂದಲೇ ಏನಾದ್ರೂ ಆದ್ರೆ?"

ಅವರು ಸೊಪ್ಪಿನ ಕಂತೆ ಎಳೆದುಕೊಂಡು ಬಿಡಿಸುತ್ತಾ ಕೂತರು. ಒಳ್ಳೆಯ ಎಲೆಗಳೂ ಕಸದ ಕಡೆ ಬೀಳುತ್ತಿದ್ದವು. ನನಗೆ ನಾಚಿಕೆಯಾಗಿ ಪಕ್ಕದಲ್ಲಿ ಕೂತು ನಾನೂ ಒಂದು ಕಂತೆ ತೆಗೆದುಕೊಂಡೆ. ಹೆದರಿಕೆ ಇಬ್ಬರಿಗೂ ಒಂದೇ ಆಗಿತ್ತು, ಹೇಳುವ ಬಗೆ ಬೇರೆ ಅಷ್ಟೆ.

ಸೊಪ್ಪು ಅರ್ಧ ಮುಗಿದಾಗ ಅವರೇ ಮಾತೆತ್ತಿದರು.

"ನಿಮ್ಮ ಮಾವ ಮೊದಲ್ನೇ ಸಲ ಕೆಲ್ಸಕ್ಕೆ ಹೊರಟಿದ್ದೂ ಗುರುವಾರ. ರೈಲು ಎರಡು ಗಂಟೆ ಮೇಲೆ. ರೈಲು ರಾಹುಕಾಲ ಕೇಳತ್ತಾ? ನಮ್ಮತ್ತೆ ಬೆಳಿಗ್ಗೇನೇ ಅವರ ಟ್ರಂಕು ತಗೊಂಡೋಗಿ ಎದುರುಮನೆ ಜಗಲಿ ಮೇಲೆ ಇಟ್ಟು ಬಂದ್ರು. ಪರಸ್ಥಾನ ಅಂತ. ಗಂಟು ಹೊರಟ್ರೆ ಮನುಷ್ಯ ಹೊರಟ ಲೆಕ್ಕ. ಆಮೇಲೆ ಯಾವ್ ಕಾಲ ಬಂದ್ರೂ ನಡುದಾರಿಲಿ ಬಂದ ಹಾಗೆ, ದೋಷ ಇಲ್ಲ."

ನನ್ನ ಕೈ ನಿಂತಿತು. "ಅಂದ್ರೆ, ಮೊದಲೇ ಶುರುವಾಗಿದ್ರೆ ರಾಹುಕಾಲದಲ್ಲಿ ನಡೀಬಹುದಾ?"

"ನಡೀದೆ ಏನು? ಶುರು ಮಾಡ್ಬಾರ್ದು ಅಷ್ಟೆ. ನಡೀತಿರೋದನ್ನ ಯಾರು ನಿಲ್ಲಿಸ್ತಾರೆ?"

ಯಂತ್ರಕ್ಕೂ ಅಷ್ಟೇ. ಮೋಟಾರು ಕರೆಂಟನ್ನು ಬಾಚಿ ಎಳೆಯುವುದು ಏಳುವಾಗ ಮಾತ್ರ, ಆಮೇಲೆ ಸಾಧುವಾಗಿ ತಿರುಗುತ್ತದೆ. ರಾಹುಕಾಲಕ್ಕೆ ಮುಂಚೆಯೇ ಎಲ್ಲರೂ ಒಬ್ಬೊಬ್ಬರಾಗಿ ಕೈಯಲ್ಲೇ ಶುರು ಮಾಡಿಬಿಟ್ಟರೆ ಪೆಟ್ಟಿಗೆಯೊಳಗೆ ಕಾಯುವ ಕೆಲಸವೇ ಉಳಿಯುವುದಿಲ್ಲ. ಮೂರೂವರೆಗೆ ಏಳಲು ಏನೂ ಇರುವುದಿಲ್ಲ.

"ನಾಳೆ ಮತ್ತೆ ಆಟೋ ಕಳಿಸ್ತೀನಿ," ಎಂದು ಎದ್ದೆ.

"ಆಟೋ ಬೇಡ," ಎಂದರು ಅತ್ತೆ. "ನಿಲ್ಲಿಸಿ ಅಂತ ಮೈಕಲ್ಲಿ ಹೇಳಿದ್ರೆ ಅದು ಸರ್ಕಾರ. ಹೇಳೋದಾದ್ರೆ ಶುರು ಮಾಡಿ ಅಂತ ಹೇಳ್ಬೇಕು. ಅರಿಶಿನ ಕುಂಕುಮ ಕೊಡು, ನಾನು ಹೋಗ್ತೀನಿ."

ಬುಧವಾರ ಅವರು ಮನೆಮನೆ ಹತ್ತಿ ಇಳಿದರು. ಸ್ತ್ರೀಶಕ್ತಿ ಸಂಘದ ಹೆಂಗಸರು ಹಳ್ಳಿಗಳಿಗೆ ಹೋದರು. ಎಲ್ಲ ಕಡೆ ಒಂದೇ ಮಾತು: ನಾಳೆ ವಾರಿಜ ಹೊರಡುತ್ತಾಳೆ, ಅವಳ ಪರಸ್ಥಾನ ನಿಮ್ಮ ಮನೆಯಲ್ಲಿ, ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಪಂಪೋ ಗ್ರೈಂಡರೋ ಶುರು ಮಾಡಿಬಿಡಿ. ಬಷೀರ್ ಮಸೀದಿಯಲ್ಲಿ ಹೇಳಿಸಿದರು. ಅಲ್ಲಿ ಪರಸ್ಥಾನ ಎನ್ನದೆ, "ಹೆಣ್ಣುಮಗು ಮನೆಗೆ ಬರ್ಬೇಕು" ಎಂದಷ್ಟೇ ಅಂದರಂತೆ. ಚಂದ್ರನವರೊಡನೆ ಮಾತಾಡಲು ಮನೆಯವರಿಗೆ ಕೊಟ್ಟ ಐದು ನಿಮಿಷದಲ್ಲಿ ಅತ್ತೆ, "ನೀನು ಸ್ವಲ್ಪ ಆಚೆ ಇರು" ಎಂದು ನನ್ನನ್ನು ಕಳಿಸಿ ಮಗಳ ಹತ್ತಿರ ಏನೋ ಹೇಳಿದರು.

ಗುರುವಾರ ಮಧ್ಯಾಹ್ನ. ನೆತ್ತಿಯಿಂದ ಪೂರ್ವಕ್ಕೆ, ನೀಲಿ ಆಕಾಶದಲ್ಲಿ, ಅರ್ಧ ಮಾಡಿದ ಕೊಬ್ಬರಿಯ ಹಾಗೆ ಚಂದ್ರ. ಕಿರಣ ಠಾಣೆಯ ಮೇಲೆ ಸ್ಥಿರವಾಗಿತ್ತು. ಬಷೀರ್ ಅರ್ಥಿಂಗ್ ಮೀಟರಿನ ಮುಂದೆ, ನಾನು ಪೀಠದ ಎಣಿಕೆಯ ಮುಂದೆ. ಬೆಟ್ಟದ ಕೆಳಗಿನ ಊರಿನಿಂದ ಒಂದು ತೆಳು ಗುಂಯ್‌ಗುಡುವಿಕೆ ಒಂದೇ ಸಮನೆ ಬರುತ್ತಿತ್ತು. ಕೇಂದ್ರದವರು ಲೆಕ್ಕ ಹೇಳುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ಆ ಸದ್ದು ಮಾತ್ರ.

"ಮುಗೀತು ಮೇಡಂ ರಾಹುಕಾಲ," ಎಂದರು ಬಷೀರ್.

ಮುಳ್ಳು ಅಲುಗಿತು. ಎಲ್ಲೋ ತೋಟಗಳಲ್ಲಿ, ಹೇಳುವವರಿಲ್ಲದ ಕಡೆ, ನಾಲ್ಕಾರು ಪಂಪು ಎದ್ದಿರಬೇಕು. ಪೀಠ ಸಣ್ಣಗೆ ಮಿಡುಕಿತು, ಎಣಿಕೆ ಒಂದು ಹೆಜ್ಜೆ ಆಚೆ ಹೋಯಿತು, ತಾನೇ ಸರಿಮಾಡಿಕೊಂಡು ಈಚೆ ಬಂತು. ಕಿರಣ ಕದಲಲಿಲ್ಲ.

ನೌಕೆ ಎದ್ದಿತು. ಎಂಟು ನಿಮಿಷ ಬಷೀರ್ ಮುಳ್ಳಿನಿಂದ, ನಾನು ಎಣಿಕೆಯಿಂದ ಕಣ್ಣು ತೆಗೆಯಲಿಲ್ಲ. ಕೇಂದ್ರದಲ್ಲಿ ಚಪ್ಪಾಳೆ ಕೇಳಿದಾಗ ಬಷೀರ್ ಮೀಟರನ್ನು ಎರಡು ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು, ಆಮೇಲೆ ನನ್ನತ್ತ ನೋಡಿ ನಾಚಿಕೊಂಡರು.

ಸ್ವಲ್ಪ ಹೊತ್ತಿಗೆ ತಾಯಿನೌಕೆಯಿಂದ ವಾರಿಜಳ ದನಿ ಬಂತು.

"ಅತ್ತಿಗೆ, ಸೇರಿದ್ವಿ. ಇಬ್ರೂ ಚೆನ್ನಾಗಿದೀವಿ. ಅಮ್ಮಂಗೆ ಒಂದು ಹೇಳ್ತೀರಾ? ಅವರು ಹೇಳಿದ ಹಾಗೇ ಬೆಳಿಗ್ಗೇನೇ ಚೀಲ ನೌಕೆ ಒಳಗೆ ಇಟ್ಟಿದ್ದೆ ಅಂತ. ಏನಿಡೋದು ಗೊತ್ತಾಗ್ಲಿಲ್ಲ. ಚಟ್ನಿಪುಡಿ ಖಾಲಿಡಬ್ಬ ಹಾಕಿಟ್ಟೆ."

ನಾನು ಮನೆಗೆ ಓಡಿದೆ. ಇಷ್ಟು ಹೊತ್ತಿಗೆ ಊರಿನ ಗುಂಯ್‌ಗುಡುವಿಕೆ ನಿಂತಿತ್ತು, ಎಲ್ಲರ ಕೆಲಸ ಮುಗಿದಿತ್ತು. ನಮ್ಮ ಅಡಿಗೆಮನೆಯಲ್ಲಿ ಮಾತ್ರ ಗ್ರೈಂಡರ್ ಇನ್ನೂ ತಿರುಗುತ್ತಿತ್ತು. ಅತ್ತೆ ಅದರ ಮುಂದೆ ನಿಂತಿದ್ದರು, ಮಧ್ಯಾಹ್ನ ಒಂದು ಗಂಟೆಗೂ ಮುಂಚಿನಿಂದ.

"ಸೇರಿದ್ಲು ಅತ್ತೆ. ಚೆನ್ನಾಗಿದ್ದಾಳೆ."

ಅವರು ಗ್ರೈಂಡರ್ ಮುಟ್ಟಲಿಲ್ಲ. "ಚೀಲ?"

"ಬೆಳಿಗ್ಗೇನೇ ಇಟ್ಟಿದ್ಲಂತೆ."

ಆಗ ಕೈಚಾಚಿ ಗುಂಡಿ ಆರಿಸಿದರು. ಅಲ್ಲೇ ನೆಲದ ಮೇಲೆ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತೆ.

ಅಷ್ಟು ಹೊತ್ತು ರುಬ್ಬಿ ರುಬ್ಬಿ ಹಿಟ್ಟು ಬಿಸಿಯಾಗಿ ಕೆಟ್ಟಿತ್ತು. ಮರುದಿನ ದೋಸೆ ಒಂದೂ ಕಾವಲಿ ಬಿಟ್ಟು ಏಳಲಿಲ್ಲ. ಚೆಲ್ಲಲು ಇಬ್ಬರಿಗೂ ಮನಸ್ಸು ಬರದೆ, ಕೆರೆದು ಕೆರೆದು ತಿಂದೆವು.